ಮುಂಬಯಿಯಲ್ಲಿ ಶಾಲೆ ಕಟ್ಟುವಾಗ: ಮೊದಲು ನೆರಳು, ಗಾಳಿ, ಸೋಲಾರ್ ಆಮೇಲೆ

ಮುಂಬಯಿಯಲ್ಲಿ ನಮ್ಮ ಕನ್ನಡ ಸಂಘ ಸಂಸ್ಥೆಗಳು ಕಟ್ಟಿದ ಹಲವು ಶಾಲೆಗಳಿಗೆ ವಯಸ್ಸಾಗಿದೆ. ಸ್ಲ್ಯಾಬಿನ ಗಾರೆ ಕಳಚಿ ಸರಳು ಕಾಣುತ್ತದೆ, ಮಳೆಗಾಲ ಬಂತೆಂದರೆ ಮೇಲ್ಮಹಡಿಯಲ್ಲಿ ಬಕೆಟ್ ಇಡಬೇಕಾಗುತ್ತದೆ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಅದರ ಬಲದ ತಪಾಸಣೆ, ಮಾಡಿಸಲೇಬೇಕೆಂದು ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 353ಬಿ ಕಲಮು ಹೇಳುತ್ತದೆ. ಆಡಿಟ್ ವರದಿ ಕೈಗೆ ಬಂದ ಮೇಲೆ ಮಾತು ಅನೇಕ ಸಲ ‘ಕೆಡವಿ ಹೊಸದು ಕಟ್ಟೋಣ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕಟ್ಟಡ ಸಮಿತಿ ಆಗುತ್ತದೆ, ದಾನಿಗಳ ಪಟ್ಟಿ ತಯಾರಾಗುತ್ತದೆ, ಆರ್ಕಿಟೆಕ್ಟ್ ಬಣ್ಣದ ಚಿತ್ರ ತಂದು ತೋರಿಸುತ್ತಾರೆ. ಆಗ ಯಾರಾದರೂ ಒಬ್ಬರು ಕೇಳುತ್ತಾರೆ: “ಗ್ರೀನ್ ಬಿಲ್ಡಿಂಗ್ ಮಾಡೋದಲ್ವಾ? ಸೋಲಾರ್ ಎಷ್ಟು ಕಿಲೋವ್ಯಾಟ್ ಹಾಕೋಣ?”

ಪ್ರಶ್ನೆ ಒಳ್ಳೆಯದೇ, ಆದರೆ ಅದು ಕೊನೆಗೆ ಕೇಳಬೇಕಾದ್ದು. ಶಾಲೆಯೊಂದು ಮುಂದಿನ ಐವತ್ತು ವರ್ಷ ಎಷ್ಟು ಕರೆಂಟು ಉರಿಸುತ್ತದೆ ಅನ್ನುವುದರ ಬಹುಪಾಲು ನಕ್ಷೆ ಇನ್ನೂ ಪೆನ್ಸಿಲಿನಲ್ಲಿ ಇರುವಾಗಲೇ ತೀರ್ಮಾನವಾಗಿಬಿಟ್ಟಿರುತ್ತದೆ. ಕಿಟಕಿ ಯಾವ ದಿಕ್ಕಿಗೆ, ವರಾಂಡ ಎಲ್ಲಿ, ತರಗತಿ ಎಷ್ಟು ಆಳ, ತಾರಸಿಯ ಮೇಲೆ ಏನು? ಇವು ಸರಿಯಾದರೆ ಅದಕ್ಕೆ ತಿಂಗಳ ಬಿಲ್ಲಿಲ್ಲ, ರಿಪೇರಿಯವರನ್ನು ಕರೆಯಬೇಕಾಗಿಲ್ಲ. ತಪ್ಪಿದರೆ ಆಮೇಲೆ ಯಾವ ಯಂತ್ರ ತಂದರೂ ಪೂರ್ತಿ ಸರಿಹೋಗುವುದಿಲ್ಲ. ಸಮಿತಿಯಲ್ಲಿ ಕೂರುವ ಹೋಟೆಲ್ ಮಾಲೀಕರು, ಬ್ಯಾಂಕಿನಿಂದ ನಿವೃತ್ತರಾದವರು, ಹಳೆ ವಿದ್ಯಾರ್ಥಿಗಳು, ಯಾರೇ ಆಗಲಿ, ಆರ್ಕಿಟೆಕ್ಟ್ ಎದುರು ಕೂತು ಇದನ್ನು ಧೈರ್ಯವಾಗಿ ಕೇಳುವಂತಾಗಬೇಕು. ಅದಕ್ಕೆ ಇಂಜಿನಿಯರಿಂಗ್ ಓದಿರಬೇಕೆಂದೇನಿಲ್ಲ.

ಶಾಲೆಯ ಗಡಿಯಾರ

ಮನೆ, ಆಸ್ಪತ್ರೆ, ಆಫೀಸುಗಳ ಹಾಗೆ ಶಾಲೆ ವರ್ಷವಿಡೀ ನಡೆಯುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ಆರರಿಂದ ಎಂಟಕ್ಕೆ 220. ಮುಂಬಯಿಯಲ್ಲಿ ಮೇ ತಿಂಗಳಿಡೀ ರಜೆ, ಜೂನ್ ನಡುವಿನಲ್ಲಿ ಮಳೆಯ ಜೊತೆಗೇ ಶಾಲೆ ಶುರು. ಅಂದರೆ ಎಲ್ಲರೂ ಹೆದರುವ ಮೇ ತಿಂಗಳ ಬಿಸಿಲಿಗೂ ತರಗತಿಗೂ ಸಂಬಂಧವೇ ಇಲ್ಲ. ಮಕ್ಕಳನ್ನು ನಿಜವಾಗಿ ಬೇಯಿಸುವುದು ಮಳೆ ನಿಂತ ಮೇಲಿನ ಅಕ್ಟೋಬರ್, ಮತ್ತೆ ಪರೀಕ್ಷೆಯ ಹೊತ್ತಿನ ಮಾರ್ಚ್, ಏಪ್ರಿಲ್. ಮಾರ್ಚಿನಲ್ಲಿ ಪೂರ್ವದ ನೆಲಗಾಳಿ ಜೋರಾಗಿ, ಕಡಲಗಾಳಿ ತಡವಾಗಿ ಬೀಸತೊಡಗಿದ ದಿನ ಪಾದರಸ ಕೆಲವೊಮ್ಮೆ 38, 40 ಡಿಗ್ರಿ ಮುಟ್ಟುತ್ತದೆ.

ಸೂರ್ಯನ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಮುಂಬಯಿ ಇರುವುದು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ನಡುವಿನಲ್ಲಿ ಒಮ್ಮೆ, ಜುಲೈ ಕೊನೆಯಲ್ಲಿ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ. ಮೊದಲ ಸಲ ಶಾಲೆಗೆ ರಜೆ, ಎರಡನೇ ಸಲ ಆಕಾಶದ ತುಂಬ ಮೋಡ. ಶಾಲೆಯನ್ನು ಕಾಡುವ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿದವನು. ಈ ವಾಲಿಕೆ ಎಷ್ಟೆಂದು ಕರಾರುವಾಕ್ಕಾಗಿ ಗೊತ್ತಿರುವುದರಿಂದ ಅವನನ್ನು ತಡೆಯುವುದು ಸುಲಭ. ನೆಲದಿಂದ 90 ಸೆಂಟಿಮೀಟರ್ ಮೇಲೆ ಶುರುವಾಗುವ, 120 ಸೆಂಟಿಮೀಟರ್ ಎತ್ತರದ ಕಿಟಕಿ ದಕ್ಷಿಣಕ್ಕಿದೆ ಎಂದಿಟ್ಟುಕೊಳ್ಳಿ. ಅಕ್ಟೋಬರ್ 22ರ ಸುಮಾರಿಗೆ ಮಧ್ಯಾಹ್ನದ ಸೂರ್ಯ 60 ಡಿಗ್ರಿ ಎತ್ತರದಲ್ಲಿರುತ್ತಾನೆ. ಕಿಟಕಿಯ ತಲೆಯ ಮೇಲೆ 75 ಸೆಂಟಿಮೀಟರ್ ಚಾಚಿದ ಛಜ್ಜಾ ಇದ್ದರೆ ಅದರ ನೆರಳು 130 ಸೆಂಟಿಮೀಟರ್ ಕೆಳಗಿಳಿದು ಇಡೀ ಕಿಟಕಿಯನ್ನು ಮುಚ್ಚುತ್ತದೆ. ಅಲ್ಲಿಂದ ಹಿಂದಿನ ಸೆಪ್ಟೆಂಬರಿಗೂ, ಆಚೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೂ ಇದೇ ಛಜ್ಜಾ ಸಾಕು. ಡಿಸೆಂಬರಿನಲ್ಲಿ ಸೂರ್ಯ 47 ಡಿಗ್ರಿಗೆ ಇಳಿದಾಗ ಕಿಟಕಿಯ ಕೆಳಗಿನ ಒಂದು ಗೇಣಷ್ಟೋ ಎರಡು ಗೇಣಷ್ಟೋ ಬಿಸಿಲು ಒಳಗೆ ಬೀಳುತ್ತದೆ. ಮುಂಬಯಿಯ ಡಿಸೆಂಬರಿಗೆ ಅದೇನೂ ಭಾರವಲ್ಲ.

ಆದ್ದರಿಂದ ತರಗತಿಯ ಕಿಟಕಿ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ, ಕಟ್ಟಡದ ಉದ್ದ ಪೂರ್ವ ಪಶ್ಚಿಮವಾಗಿ ಮಲಗಲಿ ಎನ್ನುತ್ತಾರೆ. ಪೂರ್ವ, ಪಶ್ಚಿಮದ ಸೂರ್ಯ ತಗ್ಗಿನಲ್ಲಿ, ನೇರ ಮುಖಕ್ಕೆ ಬರುವವನು. ಅವನೆದುರು ಎಷ್ಟು ಉದ್ದದ ಛಜ್ಜಾ ಹಾಕಿದರೂ ಪ್ರಯೋಜನವಿಲ್ಲ. ಆ ಕಡೆಗೆ ಮೆಟ್ಟಿಲು, ಶೌಚಾಲಯ, ಸಾಮಾನಿನ ಕೋಣೆ, ಲಿಫ್ಟ್ ಇಟ್ಟುಬಿಟ್ಟರೆ ಅವೇ ಮಕ್ಕಳಿಗೂ ಬಿಸಿಲಿಗೂ ನಡುವಿನ ಗೋಡೆಯಾಗುತ್ತವೆ.

ಗಾಳಿ, ಬಿಸಿಲು, ಮಳೆ: ಮೂರೂ ಪಶ್ಚಿಮದಿಂದ

ಇಲ್ಲಿಗೆ ಎಲ್ಲ ಸುಲಭವಾಯಿತು ಅನ್ನುವಷ್ಟರಲ್ಲಿ ಮುಂಬಯಿಯ ನಿಜವಾದ ಗಂಟು ಎದುರಾಗುತ್ತದೆ. ಮಧ್ಯಾಹ್ನದ ಮೇಲೆ ಬೀಸುವ ಕಡಲಗಾಳಿ ಪಶ್ಚಿಮ, ವಾಯವ್ಯದಿಂದ. ಸಂಜೆಯ ಸುಡುಬಿಸಿಲು ಪಶ್ಚಿಮದಿಂದ. ಮಳೆಗಾಲದ ಓರೆ ಜಡಿಮಳೆ ನೈರುತ್ಯ, ಪಶ್ಚಿಮದಿಂದ. ಗಾಳಿ ಬೇಕು, ಬಿಸಿಲು ಬೇಡ, ಮಳೆ ಬೇಡ. ಆದರೆ ಮೂರಕ್ಕೂ ಒಂದೇ ಬಾಗಿಲು. ಪಶ್ಚಿಮವನ್ನು ಮುಚ್ಚಿದರೆ ಸೆಕೆ, ತೆರೆದರೆ ಪುಸ್ತಕದ ಮೇಲೆ ನೀರು.

ಇದಕ್ಕೆ ಈ ನಗರದಲ್ಲೇ ಹಳೆಯ ಪರಿಹಾರವಿದೆ. ಬ್ರಿಟಿಷ್ ಕಾಲದ ಬಂಗಲೆಗಳ ಸುತ್ತ ವರಾಂಡ ಓಡುತ್ತಿತ್ತು. ಬಿಸಿಲೂ ಮಳೆಯೂ ವರಾಂಡದಲ್ಲೇ ನಿಲ್ಲುತ್ತಿದ್ದವು, ಗಾಳಿ ಮಾತ್ರ ಅದನ್ನು ದಾಟಿ ಒಳಕ್ಕೆ ಹೋಗುತ್ತಿತ್ತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1983ರಲ್ಲಿ ಮುಗಿದ ತಮ್ಮ ಕಾಂಚನಜಂಗಾ ವಸತಿ ಗೋಪುರದಲ್ಲಿ ಇದೇ ಉಪಾಯವನ್ನು ಮುಗಿಲೆತ್ತರಕ್ಕೆ ಒಯ್ದರು. ಮನೆಯ ಮೂಲೆಗಳಲ್ಲಿ ಎರಡು ಮಹಡಿ ಎತ್ತರದ ತೆರೆದ ಜಗಲಿಗಳನ್ನು ಕೊರೆದು, ಕೋಣೆಗಳನ್ನು ಅವುಗಳ ಹಿಂದಕ್ಕೆ ಸರಿಸಿದರು. ಅದು ಸಿರಿವಂತರ ಕಟ್ಟಡ, ಆದರೆ ಅದರ ತರ್ಕ ಶಾಲೆಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಯಾಕೆಂದರೆ ಶಾಲೆಗೆ ಓಡಾಡಲು ವರಾಂಡ ಹೇಗಿದ್ದರೂ ಬೇಕು. ಅದನ್ನು ಬಿಸಿಲು ಮಳೆಯ ಕಡೆಗೆ ಇಟ್ಟರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ ಆಯಿತು.

ಆದರೆ ಈಗ ಬರುವ ನಕ್ಷೆಗಳಲ್ಲಿ ಹೆಚ್ಚಿನವು ಬೇರೆ ಥರ: ನಡುವೆ ಓಣಿ, ಎರಡೂ ಪಕ್ಕ ತರಗತಿ. ಜಾಗ ಉಳಿಯುತ್ತದೆ, ನಿಜ. ಮುಂಬಯಿಯಲ್ಲಿ ಒಂದೊಂದು ಚದರ ಅಡಿಗೂ ಬೆಲೆ ಇದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಾಗೆ ಮಾಡಿದಾಗ ಓಣಿಯಲ್ಲಿ ಹಗಲಿಡೀ ದೀಪ ಉರಿಯಬೇಕು. ಪ್ರತಿ ತರಗತಿಗೂ ಒಂದೇ ಕಡೆ ಕಿಟಕಿ. ಗಾಳಿ ಒಳಗೆ ಬರಬೇಕಾದರೆ ಹೊರಗೆ ಹೋಗಲು ದಾರಿ ಬೇಕು. ಎದುರು ಗೋಡೆಯಲ್ಲಿ ದಾರಿ ಇಲ್ಲದ ಕೋಣೆಯ ಕಿಟಕಿ ಎಷ್ಟು ದೊಡ್ಡದಿದ್ದರೂ ಗಾಳಿ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಒಂದೇ ಕಡೆ ತರಗತಿ, ಇನ್ನೊಂದು ಕಡೆ ತೆರೆದ ವರಾಂಡ ಇರುವ ನಕ್ಷೆಗಾಗಿ ಸಮಿತಿ ಹಟ ಹಿಡಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜಾಗ ಸಾಲದೇ ಹೋದರೆ ಒಂದು ಮಹಡಿ ಹೆಚ್ಚಾದರೂ ಚಿಂತೆಯಿಲ್ಲ.

ಈಗಿರುವ ಶಾಲೆಯಲ್ಲೇ ಇದನ್ನು ಪರೀಕ್ಷಿಸಬಹುದು. ಫ್ಯಾನ್ ಆರಿಸಿ, ಮಧ್ಯಾಹ್ನ ಮೂರು ಗಂಟೆಗೆ ತರಗತಿಯ ನಡುವಿನ ಬೆಂಚಿನ ಮೇಲೆ ಊದಿನಕಡ್ಡಿ ಹಚ್ಚಿಡಿ. ಬಾಗಿಲು ಮುಚ್ಚಿದಾಗ ಹೊಗೆ ನೆಟ್ಟಗೆ ಮೇಲೇರಿ ಸ್ಲ್ಯಾಬಿನ ಕೆಳಗೆ ಹರಡಿ ನಿಲ್ಲುತ್ತದೆ. ವರಾಂಡದ ಕಡೆಯ ಬಾಗಿಲು ತೆರೆಯಿರಿ: ಹೊಗೆ ಬಾಗುತ್ತದೆ, ಮುರಿಯುತ್ತದೆ, ಬಾಗಿಲ ಕಡೆಗೆ ಎಳೆದುಕೊಂಡು ಹೋಗುತ್ತದೆ. ಬಾಗಿಲ ಮೇಲೆ ಹಳೆಯ ಕಾಲದ ವೆಂಟಿಲೇಟರ್ ಇದ್ದು ಅದನ್ನೂ ತೆರೆದರೆ ಮೇಲೆ ನಿಂತಿದ್ದ ಹೊಗೆಯೂ ಕರಗುತ್ತದೆ. ನಮ್ಮ ಹಿರಿಯರ ಕಾಲದ ಶಾಲೆಗಳಲ್ಲಿ ಬಾಗಿಲ ಮೇಲೆ ಕಡ್ಡಾಯವಾಗಿ ಇರುತ್ತಿದ್ದ ಆ ಚಿಕ್ಕ ಕಿಂಡಿಯನ್ನು ಹೊಸ ಕಟ್ಟಡಗಳು ಯಾಕೆ ಕೈಬಿಟ್ಟವೋ! ಪಾಠ ನಡೆಯುವಾಗ ಬಾಗಿಲು ಮುಚ್ಚಲೇಬೇಕಾಗುತ್ತದೆ. ಆಗ ಗಾಳಿಗೆ ಉಳಿಯುವ ದಾರಿ ಅದೊಂದೇ. ಅದಕ್ಕೆ ಓರೆ ಪಟ್ಟಿಗಳ ಲೂವರ್ ಹಾಕಿದರೆ ಜಡಿಮಳೆಯ ದಿನವೂ ತೆರೆದಿಡಬಹುದು.

ಒಂದು ತೊಡಕನ್ನು ಮುಚ್ಚಿಡಬಾರದು. ಕಿಟಕಿ ತೆರೆದರೆ ಗಾಳಿಯ ಜೊತೆ ಹಾರ್ನಿನ ಸದ್ದೂ ಬರುತ್ತದೆ. ಶಾಲೆಯ ಸುತ್ತಲಿನ 100 ಮೀಟರನ್ನು ನಿಶ್ಶಬ್ದ ವಲಯವೆಂದು ಸರ್ಕಾರ ಘೋಷಿಸಬಹುದು, ಅಲ್ಲಿ ಹಗಲಿಗೆ ಮಿತಿ 50 ಡೆಸಿಬೆಲ್ ಎಂದು 2000ನೇ ಇಸವಿಯ ನಿಯಮ ಹೇಳುತ್ತದೆ. ಸಿಗ್ನಲ್ಲಿನ ಪಕ್ಕದ ಶಾಲೆಗೆ ಅದು ಕಾಗದದ ಮೇಲಿನ ಮಾತು. ರಸ್ತೆಯ ಕಡೆಗೆ ಮೆಟ್ಟಿಲು, ಸಭಾಂಗಣ, ಆಫೀಸು ಇಟ್ಟು ತರಗತಿಗಳನ್ನು ಒಳಅಂಗಳದ ಕಡೆಗೆ ತಿರುಗಿಸುವುದೇ ಇದಕ್ಕೆ ದಾರಿ. ರೈಲ್ವೆ ಹಳಿಯ ಅಂಚಿನ ನಿವೇಶನದಲ್ಲಿ ಅದೂ ಪೂರ್ತಿ ಫಲಿಸುವುದಿಲ್ಲ. ಅಂಥಲ್ಲಿ ಆರ್ಕಿಟೆಕ್ಟ್ ಜೊತೆಗೆ ಶಬ್ದದ ತಜ್ಞರನ್ನೂ ಕೂರಿಸಿಕೊಳ್ಳಬೇಕು.

ಸೆಕೆಗೆ ಮದ್ದು ಎ.ಸಿ.ಯೇ?

ಮುಂಬಯಿಯ ತೊಂದರೆ ಬರೀ ಬಿಸಿಯಲ್ಲ, ಸೆಕೆ. ಮೈ ತಣ್ಣಗಾಗುವುದು ಬೆವರು ಆರಿದಾಗ. ಗಾಳಿಯಲ್ಲಿ ಆಗಲೇ ನೀರಿನ ಪಸೆ ತುಂಬಿದ್ದರೆ ಬೆವರು ಆರುವುದಿಲ್ಲ, ಮೈಗೆ ಅಂಟಿಕೊಂಡೇ ಇರುತ್ತದೆ. ಆಗ ಸಹಾಯಕ್ಕೆ ಬರುವುದು ಚರ್ಮದ ಮೇಲೆ ಹರಿಯುವ ಗಾಳಿ. ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿ ಮೈಗೆ ತಾಗಿದರೆ ಸುಮಾರು ಮೂರು ಡಿಗ್ರಿ ತಂಪಾದಂತೆ ಅನಿಸುತ್ತದೆ. ಥರ್ಮಾಮೀಟರಿನಲ್ಲಿ ಏನೂ ಬದಲಾಗಿರುವುದಿಲ್ಲ, ಮೈಗೆ ಬದಲಾಗಿರುತ್ತದೆ.

ಹಿತ ಅನ್ನುವುದಕ್ಕೆ ಎಲ್ಲರಿಗೂ ಒಂದೇ ಅಂಕೆಯೂ ಇಲ್ಲ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತದ ಬೇರೆ ಬೇರೆ ಹವೆಯ ಊರುಗಳ ಕಚೇರಿಗಳಲ್ಲಿ ಜನರನ್ನೇ ಕೇಳಿ 2014ರಲ್ಲಿ ಒಂದು ಸೂತ್ರ ಕೊಟ್ಟರು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಅದನ್ನು ಒಳಗೊಂಡಿತು. ಕಿಟಕಿ ತೆರೆದು ಬಳಸುವ ಕಟ್ಟಡದಲ್ಲಿ, ಹಿಂದಿನ ಕೆಲವು ದಿನಗಳ ಹೊರಗಿನ ಸರಾಸರಿ ಉಷ್ಣತೆಯನ್ನು 0.54ರಿಂದ ಗುಣಿಸಿ 12.83 ಕೂಡಿಸಿದರೆ ಹಿತವಾದ ಉಷ್ಣತೆ ಸಿಗುತ್ತದೆ. ಸರಾಸರಿ 28 ಇದ್ದರೆ ಹಿತ ಅನಿಸುವುದೂ ಸುಮಾರು 28ರಲ್ಲಿ. ಅದಕ್ಕಿಂತ ಎರಡು ಚಿಲ್ಲರೆ ಡಿಗ್ರಿ ಆಚೀಚೆಯಾದರೂ ಹತ್ತರಲ್ಲಿ ಒಂಬತ್ತು ಮಂದಿಗೆ ನಡೆಯುತ್ತದೆ. ಅದು ದೊಡ್ಡವರ ಲೆಕ್ಕ ಎನ್ನುವುದು ನಿಜ. ಆದರೂ ಇಲ್ಲಿಯ ಹವೆಗೆ ಒಗ್ಗಿದ ಮೈ 22 ಡಿಗ್ರಿಯನ್ನು ಕೇಳುವುದಿಲ್ಲ ಎನ್ನುವಷ್ಟು ಅದರಿಂದ ಸ್ಪಷ್ಟ.

ಇತ್ತೀಚೆಗೆ ಪಾಲಕರೇ ಎ.ಸಿ. ತರಗತಿ ಕೇಳುತ್ತಾರೆ, ಆ ಒತ್ತಡ ಸಮಿತಿಗಳ ಮೇಲೆ ಇದೆ. ಅವರಿಗೆ ಒಂದು ಲೆಕ್ಕ ತೋರಿಸಬೇಕು. 50 ಚದರ ಮೀಟರಿನ, 3.3 ಮೀಟರ್ ಎತ್ತರದ ತರಗತಿಯಲ್ಲಿ 165 ಘನ ಮೀಟರ್, ಅಂದರೆ 1,65,000 ಲೀಟರ್ ಗಾಳಿ ಇರುತ್ತದೆ. ಕೂತು ಓದುವ ಒಂದು ಮಗು ಗಂಟೆಗೆ ಸುಮಾರು 15 ಲೀಟರ್ ಇಂಗಾಲದ ಡೈ ಆಕ್ಸೈಡ್ ಹೊರಬಿಡುತ್ತದೆ. 45 ಮಕ್ಕಳೆಂದರೆ ಸುಮಾರು 675 ಲೀಟರ್. ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಿರುಗಿಸಿ ತಿರುಗಿಸಿ ತಣ್ಣಗೆ ಮಾಡುತ್ತದೆ. ಕಿಟಕಿ ಬಾಗಿಲು ಪೂರ್ತಿ ಬಿಗಿಯಾಗಿದ್ದರೆ ಒಂದೇ ಗಂಟೆಯಲ್ಲಿ ಆ ಕೋಣೆಯ ಇಂಗಾಲದ ಡೈ ಆಕ್ಸೈಡ್ ಹತ್ತು ಲಕ್ಷಕ್ಕೆ 420 ಭಾಗದಿಂದ 4,000ದ ಆಚೆ ಹೋಗುತ್ತದೆ. ಬಾಗಿಲ ಸಂದಿನಿಂದ ಒಂದಿಷ್ಟು ಗಾಳಿ ಸೋರುವುದರಿಂದ ನಿಜದಲ್ಲಿ ಅಷ್ಟು ಏರದಿರಬಹುದು. ಆದರೂ ಮಕ್ಕಳು ತೂಕಡಿಸುವುದಕ್ಕೆ, ಒಬ್ಬರ ನೆಗಡಿ ಇಡೀ ತರಗತಿಗೆ ಹಬ್ಬುವುದಕ್ಕೆ ಇಂಥ ಮುಚ್ಚಿದ ಕೋಣೆ ಹೇಳಿ ಮಾಡಿಸಿದ ಜಾಗ. ಹೊರಗಾಳಿಯನ್ನು ಒಳತರುವ ವ್ಯವಸ್ಥೆ ಸೇರಿಸಿದ ಎ.ಸಿ. ಇದೆ, ಆದರೆ ಅದರ ಖರ್ಚು ಬೇರೆಯೇ ಲೆಕ್ಕ. ಕಂಪ್ಯೂಟರ್ ಲ್ಯಾಬಿಗೆ ಎ.ಸಿ. ಇರಲಿ. ತರಗತಿಗೆ ಬೇಡ.

ಫ್ಯಾನಿನ ಲೆಕ್ಕ ನೋಡಿ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆದರೆ ಕಡಿಮೆ ಕರೆಂಟು ಉರಿಸುವ ಹೊಸ ಬಗೆಯ ಬಿಎಲ್‌ಡಿಸಿ ಮೋಟರಿನದು 30 ವ್ಯಾಟ್‌ಗೆ ಅಷ್ಟೇ ಗಾಳಿ ಕೊಡುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ, ಆದ್ದರಿಂದ ಕೊಳ್ಳುವಾಗ ಹೋಲಿಸುವುದು ಸುಲಭ. ಒಂದು ತರಗತಿಗೆ ನಾಲ್ಕು ಫ್ಯಾನ್, ಎಂಟು ದೀಪ ಎನ್ನಿ. ಹಳೆಯ ಫ್ಯಾನ್, ಚೋಕ್ ಸೇರಿ 50 ವ್ಯಾಟಿನ ಟ್ಯೂಬ್‌ಲೈಟ್ ಆದರೆ 700 ವ್ಯಾಟ್. ಬಿಎಲ್‌ಡಿಸಿ ಫ್ಯಾನ್, 20 ವ್ಯಾಟಿನ ಎಲ್‌ಇಡಿ ಆದರೆ 280 ವ್ಯಾಟ್. ವರ್ಷಕ್ಕೆ 1,400 ಗಂಟೆ ಓಡಿದರೆ ಮೊದಲನೆಯದು 980 ಯೂನಿಟ್, ಎರಡನೆಯದು 392. ಅದೇ ಕೋಣೆಗೆ ಮೂರು ಟನ್ನಿನಷ್ಟು ಎ.ಸಿ. ಕೂರಿಸಿ ಸಾವಿರ ಗಂಟೆ ನಡೆಸಿದರೆ ಎರಡು ಸಾವಿರ ಯೂನಿಟ್ಟಿನ ಆಸುಪಾಸು ಹೆಚ್ಚುವರಿ.

ತಾರಸಿ ಮತ್ತು ರಾತ್ರಿ ಶಾಲೆ

ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು ಮುಂಬಯಿ ಕನ್ನಡಿಗರಲ್ಲಿ ತಲೆಮಾರುಗಳಷ್ಟಿದ್ದಾರೆ. ಹಗಲು ಮಕ್ಕಳಿಗೆ, ರಾತ್ರಿ ದುಡಿಯುವವರಿಗೆ ಎಂದು ಒಂದೇ ಕಟ್ಟಡ ಎರಡು ಪಾಳಿ ನಡೆಸುವುದು ನಮ್ಮಲ್ಲಿ ಹೊಸದಲ್ಲ. ಅಂಥ ಕಟ್ಟಡಕ್ಕೆ ತಾರಸಿಯ ವಿಚಾರ ಎಲ್ಲಕ್ಕಿಂತ ಮುಖ್ಯ.

ಕಾಂಕ್ರೀಟ್ ಸ್ಲ್ಯಾಬ್ ಬಿಸಿಲನ್ನು ಆ ಕ್ಷಣವೇ ಕೆಳಗೆ ದಾಟಿಸುವುದಿಲ್ಲ, ಹೀರಿ ಇಟ್ಟುಕೊಳ್ಳುತ್ತದೆ. ಒಲೆ ಆರಿಸಿದ ಮೇಲೂ ದೋಸೆ ಕಾವಲಿ ಬಹಳ ಹೊತ್ತು ಮುಟ್ಟಲಾಗದಂತಿರುತ್ತದಲ್ಲ, ಹಾಗೆ. 15 ಸೆಂಟಿಮೀಟರಿನ ಸ್ಲ್ಯಾಬಿನಲ್ಲಿ ಕಾವು ಕೆಳಮುಖಕ್ಕೆ ಬರಲು ನಾಲ್ಕೈದು ಗಂಟೆ ಬೇಕು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು ರಾತ್ರಿ ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ಇಳಿಯುತ್ತದೆ. ಹೊರಗೆ ಸಂಜೆಯ ಗಾಳಿ ತಂಪಾಗಿದ್ದರೂ ಮೇಲ್ಮಹಡಿಯ ತರಗತಿಯಲ್ಲಿ ಕೂತವರಿಗೆ ನೆತ್ತಿ ಕಾಯುತ್ತದೆ. ಫ್ಯಾನ್ ಹಾಕಿದರೆ ಸ್ಲ್ಯಾಬಿನ ಕೆಳಗಿನ ಬಿಸಿಗಾಳಿಯೇ ಕೆಳಗೆ ಬರುತ್ತದೆ.

ಮಾಡಬೇಕಾದ್ದು ಮೂರು. ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಮೇಲ್ಮೈ: ಮುಂಬಯಿಯ ಮೇಸ್ತ್ರಿಗಳಿಗೆ ಕೋಬಾ ಎಂಬ ಇಟ್ಟಿಗೆ ಚೂರಿನ ನೀರು ತಡೆಯುವ ಪದರ, ಅದರ ಮೇಲೆ ಒಡೆದ ಬಿಳಿ ಟೈಲ್ಸ್ ಚೂರಿನ ಚೈನಾ ಮೊಸಾಯಿಕ್ ಕೈಗೆ ಪಳಗಿದ ಕೆಲಸ, ಹೊಸತಿರುವಾಗ ಅದು ಬಿದ್ದ ಬಿಸಿಲಿನ ಅರ್ಧಕ್ಕಿಂತ ಹೆಚ್ಚನ್ನು ಮರಳಿಸುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದು ಕಪ್ಪಾಗುತ್ತದೆ. ಅಕ್ಟೋಬರ್ ಮೊದಲ ವಾರ ಉಜ್ಜಿ ತೊಳೆಯುವುದನ್ನು ಶಾಲೆಯ ವಾರ್ಷಿಕ ಕೆಲಸಗಳ ಪಟ್ಟಿಗೆ ಸೇರಿಸಬೇಕು. ಎರಡನೆಯದು ಸ್ಲ್ಯಾಬಿನ ಮೇಲೆ, ಕೋಬಾದ ಕೆಳಗೆ ಐದು ಸೆಂಟಿಮೀಟರಿನ ಥರ್ಮೋಕೋಲಿನಂಥ ಗಟ್ಟಿ ಉಷ್ಣರೋಧಕ ಹಾಳೆ. ಕಾವನ್ನು ಸ್ಲ್ಯಾಬಿಗೆ ಮುಟ್ಟಗೊಡದಿರುವುದು ಅದರ ಕೆಲಸ, ಹಾಗಾಗಿ ಅದು ಮೇಲೇ ಇರಬೇಕು; ಕೆಳಗೆ ಫಾಲ್ಸ್ ಸೀಲಿಂಗ್ ಮಾಡಿ ಮುಚ್ಚಿದರೆ ಕೋಣೆಯ ಎತ್ತರ ಹೋಗುತ್ತದೆ, ಸ್ಲ್ಯಾಬ್ ಕಾಯುವುದು ನಿಲ್ಲುವುದಿಲ್ಲ. ಮೂರನೆಯದು ನೆರಳು. ಸೋಲಾರ್ ಹಲಗೆಗಳನ್ನು ಆಳೆತ್ತರದ ಚೌಕಟ್ಟಿನ ಮೇಲೆ ಕೂರಿಸಿದರೆ ತಾರಸಿಗೆ ಚಪ್ಪರ ಹಾಕಿದಂತಾಯಿತು, ಕೆಳಗೆ ಗಾಳಿಯೂ ಆಡುತ್ತದೆ.

ಪುಣೆಯಲ್ಲಿ ಈ ಲೆಕ್ಕ ಬೇರೆ. ಅದು ಸಮುದ್ರಮಟ್ಟದಿಂದ 560 ಮೀಟರ್ ಮೇಲಿದೆ, ಹವೆ ಒಣ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಕಾದರೂ ರಾತ್ರಿ ತಣಿಯುತ್ತದೆ. ಅಲ್ಲಿ ದಪ್ಪ ಗೋಡೆ ಒಳ್ಳೆಯದು: ರಾತ್ರಿ ವೆಂಟಿಲೇಟರ್ ತೆರೆದಿಟ್ಟು ಗೋಡೆ ತಣಿಸಿಕೊಂಡರೆ ಮಧ್ಯಾಹ್ನದವರೆಗೆ ಒಳಗೆ ತಂಪು. ಮುಂಬಯಿಯಲ್ಲಿ ಸೆಕೆಯ ದಿನಗಳಲ್ಲಿ ರಾತ್ರಿಯೂ ಅಷ್ಟಾಗಿ ತಣಿಯದ ಕಾರಣ ದಪ್ಪ ಗೋಡೆಯಿಂದ ಆ ಲಾಭವಿಲ್ಲ. ನೆರಳಲ್ಲಿರುವ, ಒಳಗೆ ಗಾಳಿಗುಳ್ಳೆಗಳಿರುವ ಹಗುರವಾದ ಕಾಂಕ್ರೀಟಿನ ಎಎಸಿ ಬ್ಲಾಕಿನ ಗೋಡೆ ಸಾಕು. ಗೋವೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ವಾಸ್ಕೊ ಕಡೆ ಕನ್ನಡ ಮಕ್ಕಳ ಶಾಲೆಗೆ ಕೆಂಪುಕಲ್ಲಿನ ಗೋಡೆ, ಕಡಿದಾದ ಹಂಚಿನ ಮಾಡು, ಅಗಲವಾದ ಸೂರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಕಲ್ಲು ಅಲ್ಲೇ ಸಿಗುತ್ತದೆ, ಕಡಿಯುವ ಕಟ್ಟುವ ಕೈಗಳೂ ಇವೆ. ಒಂದು ಊರಿನ ಮಾದರಿಯನ್ನು ಇನ್ನೊಂದಕ್ಕೆ ಎತ್ತಿ ಇಡಬಾರದು.

ಬೆಳಕು, ಅದರ ಸ್ವಿಚ್ಚು

ಕಿಟಕಿಯ ತಲೆ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡು ಪಟ್ಟು ದೂರದವರೆಗೆ ಓದಲು ಬರುವಷ್ಟು ಬೆಳಕು ಹೋಗುತ್ತದೆ ಎನ್ನುವುದು ಒಂದು ಅಂದಾಜು. 2.1 ಮೀಟರಿಗೆ ಕಿಟಕಿ ಮುಗಿದರೆ ಬೆಳಕು 4.2 ಮೀಟರಿಗೆ ಸೊರಗುತ್ತದೆ. 6 ಮೀಟರ್ ಆಳದ ತರಗತಿಯಲ್ಲಿ ಗೋಡೆಪಕ್ಕದ ಸಾಲು ಕತ್ತಲೆ. ಹಾಗೆಂದು ಕಿಟಕಿಯನ್ನು ಬೀಮಿನವರೆಗೆ ಏರಿಸಿದರೆ ಛಜ್ಜಾದ ನೆರಳು ಕೆಳಗೆ ಸಾಲುವುದಿಲ್ಲ. ಎರಡನ್ನೂ ಹೊಂದಿಸುವ ಉಪಾಯ: ಛಜ್ಜಾವನ್ನು 2.1 ಮೀಟರಿನಲ್ಲೇ ಇಟ್ಟು, ಅದರ ಮೇಲೆ ಮೂರು ಮೀಟರಿನವರೆಗೆ ಇನ್ನೊಂದು ಗಾಜಿನ ಪಟ್ಟಿ. ಛಜ್ಜಾದ ಮೇಲ್ಮುಖಕ್ಕೆ ಬಿಳಿ ಬಣ್ಣ ಬಳಿದರೆ ಅದರ ಮೇಲೆ ಬಿದ್ದ ಬೆಳಕು ಪುಟಿದು, ಮೇಲಿನ ಗಾಜಿನಿಂದ ಒಳಹೊಕ್ಕು, ಬಿಳಿ ಸೀಲಿಂಗಿಗೆ ತಾಗಿ ಕೊನೆಯ ಬೆಂಚಿನವರೆಗೂ ಹರಡುತ್ತದೆ. ಮೇಲಿನ ಪಟ್ಟಿಗೆ ಒಂದು ಚಿಕ್ಕ ಛಜ್ಜಾ ಸಾಕು.

ಇಷ್ಟೆಲ್ಲ ಮಾಡಿ ವೈರಿಂಗಿನಲ್ಲಿ ಎಡವುವುದುಂಟು. ಎಂಟು ದೀಪಕ್ಕೆ ಒಂದೇ ಸ್ವಿಚ್, ಇಲ್ಲವೇ ಕಿಟಕಿಯಿಂದ ಎದುರಿನ ಗೋಡೆಗೆ ಸಾಲು. ಹಿಂದಿನ ಮೂಲೆಯ ಒಬ್ಬ ಹುಡುಗನಿಗೆ ಬೆಳಕು ಬೇಕೆಂದರೆ ಕಿಟಕಿಯ ಪಕ್ಕದ ದೀಪಗಳೂ ಉರಿಯುತ್ತವೆ. ದೀಪದ ಸಾಲು ಕಿಟಕಿಗೆ ಸಮಾನಾಂತರವಾಗಿರಲಿ, ಸಾಲಿಗೊಂದು ಸ್ವಿಚ್ ಇರಲಿ. ಇದಕ್ಕೆ ಖರ್ಚಾಗುವುದು ಕೆಲವು ಮೀಟರ್ ವೈರು ಮಾತ್ರ.

ನೀರು, ಸಿಮೆಂಟು, ಕೊನೆಗೆ ಸೋಲಾರ್

ಮುಂಬಯಿಯಲ್ಲಿ ಮಳೆನೀರು ಕೊಯ್ಲು 2002ರಲ್ಲಿ ದೊಡ್ಡ ನಿವೇಶನಗಳಿಗೆ, 2007ರಲ್ಲಿ 300 ಚದರ ಮೀಟರ್ ದಾಟಿದವಕ್ಕೆ ಕಡ್ಡಾಯವಾಯಿತು. ಅನುಮತಿಗಾಗಿ ಒಂದು ಗುಂಡಿ ತೋಡಿ ಕೈತೊಳೆದುಕೊಳ್ಳುವವರೇ ಹೆಚ್ಚು. ಶಾಲೆಗೆ ಅದು ನಿಜವಾದ ಉಳಿತಾಯ ಆಗಬಲ್ಲದು. 600 ಚದರ ಮೀಟರ್ ತಾರಸಿ, 2,200 ಮಿಲಿಮೀಟರ್ ಮಳೆ, ಐದರಲ್ಲಿ ಒಂದು ಪಾಲು ಪೋಲು ಎಂದು ಬಿಟ್ಟರೂ ಹತ್ತು ಲಕ್ಷ ಲೀಟರಿಗೂ ಹೆಚ್ಚು. 800 ಮಕ್ಕಳಿಗೆ ಶೌಚಾಲಯದ ಫ್ಲಶ್ಶಿಗೆ ತಲೆಗೆ 20 ಲೀಟರಿನಂತೆ ದಿನಕ್ಕೆ 16,000 ಲೀಟರ್ ಬೇಕು. ಮಳೆಗಾಲದ ಶಾಲಾ ದಿನಗಳಲ್ಲಿ ಅದರ ಅರ್ಧಕ್ಕಿಂತ ಹೆಚ್ಚನ್ನು ತಾರಸಿಯ ನೀರೇ ಕೊಡಬಲ್ಲದು. ಇಡೀ ವರ್ಷಕ್ಕೆ ಕೂಡಿಡುವ ದೈತ್ಯ ಟಾಂಕಿ ಬೇಡ. ನಾಲ್ಕೈದು ದಿನಕ್ಕಾಗುವಷ್ಟು ಇದ್ದರೆ ತುಂಬುತ್ತ ಖಾಲಿಯಾಗುತ್ತ ಇರುತ್ತದೆ. ಸಾಧ್ಯವಾದರೆ ಒಂದು ಟಾಂಕಿ ಮೇಲಿನ ಶೌಚಾಲಯದ ಸ್ಲ್ಯಾಬಿನ ಮಟ್ಟದಲ್ಲೇ ಇರಲಿ, ಕೆಳಮಹಡಿಗಳಿಗೆ ಪಂಪಿಲ್ಲದೆ ನೀರು ಇಳಿಯುತ್ತದೆ.

ಸಿಮೆಂಟಿನ ವಿಷಯಕ್ಕೆ ಬಂದರೆ, ಸುಣ್ಣದಕಲ್ಲನ್ನು ಸುಡುವಾಗಲೇ ಅದರೊಳಗಿನ ಇಂಗಾಲ ಹೊರಬರುತ್ತದೆ, ಕುಲುಮೆಗೆ ಉರಿಸಿದ ಕಲ್ಲಿದ್ದಲಿನದು ಬೇರೆ. ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟಿನಲ್ಲಿ ಈ ಹೊರೆ ಕಡಿಮೆ. ಅದಕ್ಕಿಂತ ನಮಗೆ ಮುಖ್ಯವಾದ್ದು, ಕಡಲಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಹೊಕ್ಕು ಸರಳು ತುಕ್ಕು ಹಿಡಿಸುವುದನ್ನು ಅದು ಚೆನ್ನಾಗಿ ತಡೆಯುತ್ತದೆ. ನಮ್ಮ ಹಳೆ ಶಾಲೆಗಳ ಸ್ಲ್ಯಾಬ್ ಉದುರುತ್ತಿರುವುದು ಇದೇ ತುಕ್ಕಿನಿಂದ. ಗಟ್ಟಿಯಾಗಲು ಅದು ಸ್ವಲ್ಪ ನಿಧಾನ, ನೀರುಣಿಸುವ ದಿನ ಹೆಚ್ಚು ಬೇಕು. ಗುತ್ತಿಗೆದಾರರು ಗೊಣಗಬಹುದು, ಬಿಡಬಾರದು. ಐವತ್ತು ವರ್ಷದ ಬದಲು ನೂರು ವರ್ಷ ನಿಲ್ಲುವ ಕಟ್ಟಡ ಪರಿಸರಕ್ಕೆ ಮಾಡುವ ಉಪಕಾರ ಸಣ್ಣದಲ್ಲ.

ಈಗ ಸೋಲಾರ್. ಮುಂಬಯಿಯಲ್ಲಿ ಒಂದು ಕಿಲೋವ್ಯಾಟ್ ಹಲಗೆಗೆ ಹತ್ತು ಚದರ ಮೀಟರ್ ಜಾಗ ಬೇಕು, ವರ್ಷಕ್ಕೆ ಸುಮಾರು 1,400 ಯೂನಿಟ್ ಬರುತ್ತದೆ. ಇಪ್ಪತ್ತು ತರಗತಿಗೆ ಮೇಲಿನ ಲೆಕ್ಕದ ಫ್ಯಾನ್, ದೀಪಕ್ಕೆ ವರ್ಷಕ್ಕೆ 7,840 ಯೂನಿಟ್: ಆರು ಕಿಲೋವ್ಯಾಟ್, 60 ಚದರ ಮೀಟರ್, ತಾರಸಿಯ ಹತ್ತನೇ ಒಂದು ಪಾಲು. ಲಿಫ್ಟ್, ಪಂಪು, ಲ್ಯಾಬು ಸೇರಿಸಿದರೂ ತಾರಸಿಯಲ್ಲಿ ಜಾಗ ಮಿಗುತ್ತದೆ. ಎಲ್ಲ ತರಗತಿಗೂ ಎ.ಸಿ. ಹಾಕಿದ್ದರೆ ಅದಕ್ಕೆಂದೇ ಇನ್ನೂ ಮೂವತ್ತು ಕಿಲೋವ್ಯಾಟಿನಷ್ಟು ಬೇಕಾಗುತ್ತಿತ್ತು. ಮೇ ತಿಂಗಳಲ್ಲಿ ಹಲಗೆಗಳು ಜೋರಾಗಿ ದುಡಿಯುವಾಗ ಶಾಲೆಗೆ ರಜೆ. ರಾತ್ರಿ ಶಾಲೆಗೆ ದೀಪ ಬೇಕಾದಾಗ ಸೂರ್ಯ ಇಲ್ಲ. ಆದ್ದರಿಂದ ಬ್ಯಾಟರಿಗಿಂತ ನೆಟ್ ಮೀಟರಿಂಗ್ ಶಾಲೆಗೆ ಹೇಳಿಸಿದ್ದು: ಹೆಚ್ಚಾದ ಯೂನಿಟ್ ಗ್ರಿಡ್ಡಿಗೆ ಹೋಗುತ್ತದೆ, ಬೇಕಾದಾಗ ಬಿಲ್ಲಿನಲ್ಲಿ ವಜಾ ಆಗುತ್ತದೆ.

ಕಾನೂನು ನಮ್ಮನ್ನು ಎಷ್ಟು ಒತ್ತಾಯಿಸುತ್ತದೆ? ಕೇಂದ್ರದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ, ಅಂದರೆ ಇಸಿಬಿಸಿ, ಅನ್ವಯವಾಗುವುದು 100 ಕಿಲೋವ್ಯಾಟ್ ಸಂಪರ್ಕಿತ ಲೋಡು (ಎಲ್ಲ ಉಪಕರಣಗಳ ಒಟ್ಟು ವ್ಯಾಟ್) ಅಥವಾ ವಿದ್ಯುತ್ ಕಂಪನಿಯ ಜೊತೆ ಒಪ್ಪಂದವಾದ 120 ಕೆವಿಎ ಬೇಡಿಕೆ ಮುಟ್ಟಿದ ಕಟ್ಟಡಗಳಿಗೆ. ಇಲ್ಲಿ ಹೇಳಿದಂಥ ಶಾಲೆ ಅಷ್ಟು ದೂರ ಹೋಗುವುದೇ ಇಲ್ಲ. ‘ಗೃಹ’ (GRIHA), ಐಜಿಬಿಸಿ ಎಂಬ ಹಸಿರು ಕಟ್ಟಡದ ಪ್ರಮಾಣಪತ್ರಗಳು ಐಚ್ಛಿಕ. ಕೆಲಸಕ್ಕೆ ಶಿಸ್ತು ತರುತ್ತವೆ, ಆದರೆ ಅವುಗಳ ಶುಲ್ಕ ಕಟ್ಟುವ ಮೊದಲು ಛಜ್ಜಾ, ತಾರಸಿಗೆ ದುಡ್ಡು ಎತ್ತಿಡಬೇಕು.

ಯಾಕೆಂದರೆ ಕತ್ತರಿ ಬೀಳುವುದು ಅಲ್ಲೇ. ಟೆಂಡರ್ ತೆರೆದಾಗ ಮೊತ್ತ ಅಂದಾಜಿಗಿಂತ ಮೇಲೆ ಹೋಗಿರುತ್ತದೆ. ಸಮಿತಿ ಸೇರುತ್ತದೆ, ಎಲ್ಲಿ ಕಡಿಮೆ ಮಾಡೋಣ ಎಂದು ಕೂರುತ್ತದೆ. ತಾರಸಿಯ ಉಷ್ಣರೋಧಕ ಹಾಳೆ ಹೋಗುತ್ತದೆ, ಅದು ಯಾರಿಗೂ ಕಾಣುವುದಿಲ್ಲವಲ್ಲ. ಛಜ್ಜಾ 75ರಿಂದ 45 ಸೆಂಟಿಮೀಟರಿಗೆ ಇಳಿಯುತ್ತದೆ. ಬಾಗಿಲ ಮೇಲಿನ ವೆಂಟಿಲೇಟರ್ ಮುಚ್ಚಿ ಗೋಡೆಯಾಗುತ್ತದೆ. ಮುಂಭಾಗದ ಗಾಜಿನ ಪರದೆ ಮಾತ್ರ ಉಳಿಯುತ್ತದೆ, ಉದ್ಘಾಟನೆಯ ಫೋಟೋಗೆ ಬೇಕೆಂದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತಾಗುತ್ತದೆ. ಆದ್ದರಿಂದ ಟೆಂಡರ್ ಕರೆಯುವ ಮೊದಲೇ ಸಮಿತಿ ಒಂದು ಠರಾವು ಮಾಡಿ ಗುತ್ತಿಗೆ ಪತ್ರಕ್ಕೆ ಸೇರಿಸಲಿ: ವರಾಂಡದ ಅಗಲ, ಛಜ್ಜಾದ ಚಾಚು, ಎದುರುಬದುರು ಕಿಟಕಿ ಮತ್ತು ವೆಂಟಿಲೇಟರ್, ತಾರಸಿಯ ಹಾಳೆ ಮತ್ತು ಬಿಳಿ ಮೊಸಾಯಿಕ್, ಸಾಲಿಗೊಂದು ಸ್ವಿಚ್, ಈ ಐದನ್ನು ಯಾವ ಕಾರಣಕ್ಕೂ ಕೈಬಿಡುವಂತಿಲ್ಲ, ಕಿರಿದು ಮಾಡುವಂತಿಲ್ಲ. ಹಣ ಸಾಲದಿದ್ದರೆ ಮುಂದೂಡಬೇಕಾದ್ದು ಸೋಲಾರ್, ಯಾಕೆಂದರೆ ಹಲಗೆಗಳನ್ನು ಐದು ವರ್ಷ ಬಿಟ್ಟು ಬೇರೊಬ್ಬ ದಾನಿ ಸಿಕ್ಕಾಗಲೂ ಕೂರಿಸಬಹುದು. ಅವುಗಳ ಚೌಕಟ್ಟು ಹೊರುವಷ್ಟು ಬಲ ಸ್ಲ್ಯಾಬಿಗೆ ಇರಲಿ, ಕೇಬಲ್ ಇಳಿಸಲು ಪೈಪು ಈಗಲೇ ಹುಗಿದಿರಲಿ.